ಐರಿಷ್‌ನ 'ಕೇಲಿ' ಪದವನ್ನು ಅರ್ಥ ಮಾಡಿಕೊಂಡು ಬಳಸುವುದು ಹೇಗೆ?

ಮೊದಲು ಉಚ್ಚಾರಣೆ. ಲ ಹಗುರವಾಗಿರಲಿ, ಳ ಹಾಕಿದರೆ ನಮ್ಮ 'ಕೇಳಿ' ಆಗಿಬಿಡುತ್ತದೆ.

ಕೇಲಿ ಅಂದರೆ ಐರಿಷ್ ಡ್ಯಾನ್ಸ್ ಅಂತ ಸುಮ್ನೆ ನೆನಪಿಟ್ಟುಕೊಳ್ಳಬೇಡಿ. ಇದರ ಬೇರು ಹಳೆಯ ಐರಿಷ್‌ನ 'ಕೇಲೆ', ಅಂದರೆ ಜೊತೆಗಾರ. ಹಳೇ ಕಾನೂನಿನಲ್ಲಿ ಒಡೆಯನ ಜೊತೆ ಕರಾರಿನಲ್ಲಿದ್ದ ಒಕ್ಕಲಿಗೂ ಅದೇ ಹೆಸರು, ಹಾಗಾಗಿ ಇದು ಬರೀ ಸ್ನೇಹದ ಪದವೂ ಅಲ್ಲ. ಆಮೇಲೆ ಸಂಜೆ ಹೊತ್ತು ಪಕ್ಕದ ಮನೆಗೆ ಹೋಗಿ, ಒಲೆ ಮುಂದೆ ಕೂತು, ಊರ ಸುದ್ದಿ, ಕತೆ, ಒಂದೆರಡು ಹಾಡು ಅಂತ ಹೊತ್ತು ಕಳೆಯುವುದೇ ಕೇಲಿ ಆಯಿತು. ಕುಣಿತದ ಅರ್ಥ ಜಾಸ್ತಿ ಹಳೆಯದಲ್ಲ: 1897ರಲ್ಲಿ ಐರಿಷ್ ಭಾಷೆ ಉಳಿಸಲು ಹುಟ್ಟಿದ ಗೇಲಿಕ್ ಲೀಗ್ ಎಂಬ ಸಂಘದವರು ಈ ಹೆಸರಿನಲ್ಲಿ ಕುಣಿತದ ಕೂಟ ನಡೆಸಿದರು. ಅದೂ ಎಲ್ಲಿ? ಲಂಡನ್‌ನಲ್ಲಿ! ತಮಾಷೆ ಅಲ್ವಾ?

ಬಳಸುವಾಗ 'ಲೆ ಹೇಲೆ' ಇಂದ ಶುರು ಮಾಡಿ, ದಿನಾ ಬೇಕಾಗುವುದು ಇದೇ. ಅರ್ಥ 'ಒಟ್ಟಿಗೆ'. ಇಲ್ಲಿ 'ಕೇಲೆ'ಯ ಕ ಮೆತ್ತಗಾಗಿ ಹ ಥರ ಕೇಳಿಸುತ್ತದೆ. ಮೊದಮೊದಲು ಇದು ತಲೆ ತಿನ್ನುತ್ತದೆ, ಗಾಬರಿ ಬೇಡ. 'ಫ್ಯಾರ್ ಕೇಲೆ' ಅಂದರೆ ಗಂಡ, 'ಬ್ಯಾನ್ ಹೇಲೆ' ಅಂದರೆ ಹೆಂಡತಿ. ಹಾಗಾಗಿ ಗೆಳೆಯನನ್ನು ಕೇಲೆ ಅನ್ನಬೇಡಿ, ಮದುವೆ ಆಗಿದೆ ಅಂದುಕೊಂಡಾರು. ಗೆಳೆಯನಿಗೆ 'ಕಾರ' ಸಾಕು.