ಫ್ಲೂಟು ನನ್ನದು, ಪಿಯಾನೋ ಟೀಚರದು

ಶನಿವಾರ ಸಂಜೆ ಡೊಂಬಿವಲಿಯಿಂದ ದಾದರಿಗೆ ಬಂದು, ಸೇತುವೆ ದಾಟಿ ಪಶ್ಚಿಮ ರೈಲ್ವೆಯ ಲೋಕಲ್ ಹಿಡಿದು ಮಾಹಿಮಿನಲ್ಲಿ ಇಳಿಯುತ್ತೇನೆ. ಬೆನ್ನ ಮೇಲಿನ ಚೀಲದಲ್ಲಿ ಫ್ಲೂಟು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಟೀಚರ ಮನೆ. ಅವರು ಮಂಗಳೂರಿನವರು, ಮುಂಬಯಿ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ನಾನು ಕುಂದಾಪುರದ ಕಡೆಯವ, ಬ್ಯಾಂಕ್ ಗುಮಾಸ್ತ. ಹುಡುಗನಾಗಿದ್ದಾಗ ಬಿದಿರಿನ ಕೊಳಲಲ್ಲಿ ವರ್ಣದವರೆಗೆ ಬಂದು ನಿಂತುಹೋಗಿದ್ದೆ. ನಲವತ್ತು ದಾಟಿದ ಮೇಲೆ ಧೋಬಿ ತಲಾವ್ ಕಡೆಯ ಅಂಗಡಿಯಲ್ಲಿ ಕೀಗಳಿರುವ ಫ್ಲೂಟು ನೋಡಿ ಆಸೆಪಟ್ಟು ಸೆಕೆಂಡ್‌ಹ್ಯಾಂಡ್ ಒಂದನ್ನು ಕೊಂಡೆ. ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿಸಿದವರು ಟೀಚರೇ.

ಮೊದಲ ವರ್ಷ ನುಡಿಸಿದ್ದೆಲ್ಲ ಅಂಗಡಿಯಲ್ಲಿ ಸಿಕ್ಕ ಪುಸ್ತಕಗಳಿಂದ. ಮುಂಬಯಿಯಲ್ಲಿ ಫ್ಲೂಟಿನ ಷೀಟ್ ಮ್ಯೂಸಿಕ್ ಕೇಳಿದರೆ ಮೊದಲು ಕೈಗೆ ಬರುವುದು ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಪರೀಕ್ಷೆಯ ಗ್ರೇಡ್ ಪುಸ್ತಕ, ಆಮೇಲೆ 'ಎಲ್ಲರಿಗೂ ಗೊತ್ತಿರುವ ನೂರು ಮಧುರ ರಾಗಗಳು' ಎಂಬಂಥ ದಪ್ಪ ಸಂಕಲನ. ಗ್ರೇಡ್ ಪುಸ್ತಕಗಳನ್ನು ಹಗುರವಾಗಿ ನೋಡಬಾರದು, ಅವುಗಳಲ್ಲಿ ಒಳ್ಳೆಯ ಚೂರುಗಳಿವೆ. ಸಂಕಲನಗಳ ಕಥೆ ಬೇರೆ. ಹಾಡೆಲ್ಲ ಫ್ಲೂಟಿಗೆ, ಪಿಯಾನೋ ಕೆಳಗೆ ಕೂತು ಧಂ-ಚಿಕ್-ಚಿಕ್ ಎಂದು ಮೂರು ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗುಚ್ಛ, ಹಾಕುತ್ತಿರಬೇಕು. ನನಗೆ ಅದು ಸರಿಯಾಗಿಯೇ ಕಂಡಿತ್ತು. ನಮ್ಮ ಕಛೇರಿಯಲ್ಲಿ ನಡುವೆ ಕೂತವರು ಮುಖ್ಯ, ಎಡಬಲದವರು ಪಕ್ಕವಾದ್ಯ. ಪಿಯಾನೋ ನನ್ನ ಪಕ್ಕವಾದ್ಯ ಎಂದುಕೊಂಡಿದ್ದೆ.

ಒಂದು ಶನಿವಾರ ಅಂಥದ್ದೇ ಹಾಳೆ ಎದುರಿಗಿಟ್ಟಾಗ ಟೀಚರ್ ಪಿಯಾನೋದ ಮುಚ್ಚಳ ಇಳಿಸಿದರು.

"ನಾನೆಂತ ನಿಮ್ಮ ತಂಬೂರಿಯಾ ಮಾರಾಯ್ರೆ? ಇದಕ್ಕೆ ನಾನು ಯಾಕೆ ಬೇಕು? ಫೋನಿನಲ್ಲಿ ಶ್ರುತಿ ಇಟ್ಟುಕೊಳ್ಳಿ, ಸಾಕು."

ಚಹಾ ಕೊಟ್ಟರು, ಆದರೆ ಅಂದು ಪಿಯಾನೋ ಮುಟ್ಟಲಿಲ್ಲ. ಚಹಾ ಕುಡಿಯುವಾಗ ಹೇಳಿದ್ದು ನನ್ನ ಲೆಕ್ಕವನ್ನೇ ತಲೆಕೆಳಗು ಮಾಡಿತು. ಮೊದಲು ಇದು ಉಲ್ಟಾ ಇತ್ತಂತೆ. ಎಂಟು ವರ್ಷದ ಮೊಜಾರ್ಟ್ 1764ರಲ್ಲಿ ಲಂಡನ್ನಿನಲ್ಲಿ ಬರೆದ ಆರು ಸೊನಾಟಾಗಳು, ಅಂದರೆ ಹಲವು ಭಾಗಗಳ ವಾದ್ಯಕೃತಿಗಳು, ಪಿಯಾನೋದ ಹಿರಿಯಕ್ಕನಂಥ ಹಾರ್ಪ್ಸಿಕಾರ್ಡಿಗೆ. ಪಿಟೀಲು ಅಥವಾ ಫ್ಲೂಟು ಅದಕ್ಕೆ ಜೊತೆ, ಅಷ್ಟೇ. ಬೀಥೋವನ್ ಎಡಿನ್‌ಬರೋದ ಪ್ರಕಾಶಕ ಜಾರ್ಜ್ ಥಾಮ್ಸನ್‌ಗಾಗಿ 1818-19ರಲ್ಲಿ ಜನಪದ ಹಾಡುಗಳ ಮೇಲೆ ಬರೆದುಕೊಟ್ಟ ಹದಿನಾರು ವೇರಿಯೇಶನ್‌ಗಳು (ಒಂದೇ ಹಾಡನ್ನು ಬಗೆಬಗೆಯಾಗಿ ಮಾರ್ಪಡಿಸಿದವು), ಅಂದರೆ ಕೃತಿಸಂಖ್ಯೆ ಓಪಸ್ 105 ಮತ್ತು 107, ಪಿಯಾನೋಕ್ಕೆ. ಫ್ಲೂಟು 'ಆಡ್ ಲಿಬಿಟಮ್': ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ. ಮನೆಗೆ ಬಂದು ಹುಡುಕಿದೆ, ಹೌದು. ಬೀಥೋವನ್ನನ ಲೆಕ್ಕದಲ್ಲಿ ನಾನು ಇಲ್ಲದಿದ್ದರೂ ಆಗುವವ.

ಅಂದಿನಿಂದ ಹುಡುಕುವ ಕ್ರಮ ಬದಲಾಯಿಸಿದೆ. ಫ್ಲೂಟಿನ ಸಾಲು ಚೆನ್ನಾಗಿದೆಯೇ ಎಂದು ಮೊದಲು ನೋಡುವುದಿಲ್ಲ. ಪಿಯಾನೋದ ಹಾಳೆಗಳ ಫೋಟೋವನ್ನು ವಾಟ್ಸಾಪಿನಲ್ಲಿ ಟೀಚರಿಗೆ ಕಳಿಸುತ್ತೇನೆ. ಅವರ ಉತ್ತರ ಮೂರೇ ಬಗೆ: "ಬೇಜಾರು", "ಕೈ ಸಾಲದು", "ತನ್ನಿ". ಫ್ಲೂಟು-ಪಿಯಾನೋ ಜೋಡಿಯಲ್ಲಿ ಹವ್ಯಾಸಿಗಳು ಸೋಲುವುದು ಹೆಚ್ಚಾಗಿ ಪಿಯಾನೋ ಕಡೆಯಲ್ಲಿ ಎಂಬುದು ನನಗೆ ತಡವಾಗಿ ಹೊಳೆದ ಸಂಗತಿ. ಪ್ರೊಕೋಫಿಯೆವ್ 1943ರಲ್ಲಿ ಬರೆದ ಸೊನಾಟಾ ಎಲ್ಲರೂ ಹೊಗಳುವ ಕೃತಿ. ನಾನು ಹೇಗೋ ಒದ್ದಾಡಿ ಅರ್ಧ ದಾರಿ ಹೋದೇನು, ಎಪ್ಪತ್ತು ದಾಟಿದ ಟೀಚರ ಬೆರಳಿಗೆ ಅದು ಶಿಕ್ಷೆ. ಅದನ್ನು ಬಿಟ್ಟೆವು. ಬಿಟ್ಟಿದ್ದರಿಂದಲೇ ಬೇರೆಯವು ಸಿಕ್ಕವು.

ಹಾಳೆಗಳು ಎಲ್ಲಿಂದ? ಬಹುಪಾಲು ಐಎಂಎಸ್‌ಎಲ್‌ಪಿ ಎಂಬ ಉಚಿತ ಆನ್‌ಲೈನ್ ಭಂಡಾರದಿಂದ. 2006ರಲ್ಲಿ ಶುರುವಾದ ಅದಕ್ಕೆ ಪೆಟ್ರುಚ್ಚಿ ಲೈಬ್ರರಿ ಎಂದೂ ಹೆಸರು; 1501ರಲ್ಲಿ ವೆನಿಸ್ಸಿನಲ್ಲಿ ಸಂಗೀತದ ಪುಸ್ತಕ ಅಚ್ಚು ಹಾಕಿದ ಮುದ್ರಕನ ನೆನಪಿಗೆ. ಕೃತಿಸ್ವಾಮ್ಯದ ಹಕ್ಕಿನ ವಿಷಯದಲ್ಲಿ ನಮ್ಮ ಕಾನೂನು ಯುರೋಪಿಗಿಂತ ಸ್ವಲ್ಪ ಉದಾರ. ಕರ್ತೃ ತೀರಿಕೊಂಡ ಮರುವರ್ಷದಿಂದ ಎಣಿಸಿ ಅರವತ್ತು ವರ್ಷ, ಅಲ್ಲಿ ಎಪ್ಪತ್ತು. ಇಲ್ಲೂ ಮೊದಲು ಐವತ್ತೇ ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, ತೊಂಬತ್ತರ ದಶಕದ ಆರಂಭದಲ್ಲಿ, ಹತ್ತು ವರ್ಷ ಸೇರಿಸಿದರು. ಫ್ರೆಂಚ್ ಸಂಯೋಜಕ ಪುಲಾಂಕ್ ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವನ ಪ್ರಸಿದ್ಧ ಫ್ಲೂಟ್ ಸೊನಾಟಾ ನಮ್ಮಲ್ಲಿ 2024ರ ಜನವರಿಯಿಂದ ಮುಕ್ತ.

ಆದರೆ ಭಂಡಾರ ದೊಡ್ಡದಿದ್ದರೆ ಕಷ್ಟವೂ ದೊಡ್ಡದು. 'ಫ್ಲೂಟು ಮತ್ತು ಪಿಯಾನೋ' ಎಂದು ಹುಡುಕಿದರೆ ಪಟ್ಟಿಗೆ ಕೊನೆಯಿಲ್ಲ. ನಾನು ಎರಡು ಎಳೆ ಹಿಡಿದು ಹೋದೆ. ಒಂದು, ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ವಾರ್ಷಿಕ ಸ್ಪರ್ಧೆಯ ಪಟ್ಟಿ. ಪಾಲ್ ತಫಾನೆಲ್ ಅಲ್ಲಿ ಫ್ಲೂಟ್ ಪ್ರಾಧ್ಯಾಪಕನಾದ ಮೇಲೆ ಸ್ಪರ್ಧೆಗೆಂದು ಹೊಸ ಕೃತಿ ಬರೆಸುವುದು ಹೆಚ್ಚಾಯಿತು. 1898ರಲ್ಲಿ ಫೋರೆಯ ಫ್ಯಾಂಟಸಿ, 1902ರಲ್ಲಿ ಶಮಿನಾಡಳ ಕೊನ್ಸರ್ಟಿನೋ, 1904ರಲ್ಲಿ ಇಪ್ಪತ್ತೆರಡರ ಹರೆಯದ ಎನೆಸ್ಕುವಿನ ಕೃತಿ. ಮೊದಲೆರಡನ್ನು ಫ್ಲೂಟು ಹಿಡಿದವರೆಲ್ಲ ಬಲ್ಲರು. ಪಟ್ಟಿಯ ಉಳಿದವರ ಮನೆ ಬಾಗಿಲು ತಟ್ಟುವವರು ಕಡಿಮೆ. ಎನೆಸ್ಕುವಿನ 'ಕಾಂತಾಬಿಲೆ ಎ ಪ್ರೆಸ್ಟೋ'ದ ನಿಧಾನದ ಅರ್ಧ ನಮಗೆ ದಕ್ಕಿತು. ಪ್ರೆಸ್ಟೋ, ಅಂದರೆ ವೇಗದ ಅರ್ಧ, ದಕ್ಕಲಿಲ್ಲ, ನಾಚಿಕೆಯೇನಿಲ್ಲ, ಅರ್ಧವನ್ನೇ ನುಡಿಸುತ್ತೇವೆ.

ಎರಡನೆಯ ಎಳೆ ಅರ್ಪಣೆಯ ಸಾಲು. ಹಳೆಯ ಮುದ್ರಣಗಳಲ್ಲಿ ಹೆಸರಿನ ಮೇಲೆ ಸಣ್ಣಕ್ಷರದಲ್ಲಿ ಯಾರಿಗೆ ಅರ್ಪಿಸಿದ್ದು ಎಂದಿರುತ್ತದೆ. ದೆಬ್ಯುಸಿಯ 'ಸಿರಿಂಕ್ಸ್' ಅನ್ನು 1913ರಲ್ಲಿ ಮೊದಲು ನುಡಿಸಿದವನು ಲೂಯಿ ಫ್ಲರಿ. ಈ ಮನುಷ್ಯನಿಗೆ ಬೇರೆ ಯಾರು ಯಾರು ಬರೆದುಕೊಟ್ಟಿದ್ದಾರೆ ಎಂದು ನೋಡುತ್ತ ಹೋದಾಗ ಸಿಕ್ಕವಳು ಮೆಲ್ ಬೊನಿಸ್. ಹೆಸರು ಮೆಲನಿ, ಹೆಣ್ಣೆಂದು ತಿಳಿಯದಿರಲಿ ಎಂದು 'ಮೆಲ್' ಎಂದು ಮೊಟಕು ಮಾಡಿಕೊಂಡವಳು. ಕನ್ಸರ್ವೇಟರಿಯಲ್ಲಿ ಓದುವಾಗ ಸಹಪಾಠಿ ಗಾಯಕನೊಬ್ಬನನ್ನು ಪ್ರೀತಿಸಿದಳೆಂದು ಮನೆಯವರು ಬಿಡಿಸಿ, ಐದು ಮಕ್ಕಳ ವಿಧುರನಿಗೆ ಮದುವೆ ಮಾಡಿಸಿದರು. ಈ ಕಥೆ ಹೇಳಿದಾಗ ಟೀಚರ್ "ನಮ್ಮ ಊರಿನದ್ದೇ ಕಥೆ" ಎಂದರು. ಅವಳು 1904ರಲ್ಲಿ ಬರೆದ ಸೊನಾಟಾ, ಸಿ ಶಾರ್ಪ್ ಮೈನರಿನಲ್ಲಿ, ನಾಲ್ಕು ಭಾಗ. ಪಿಯಾನೋ ಹಾಳೆ ಕಳಿಸಿದ ಹತ್ತು ನಿಮಿಷಕ್ಕೆ "ತನ್ನಿ" ಎಂದು ಉತ್ತರ. ಫ್ಲೂಟು ಬಿಟ್ಟ ಮಾತನ್ನು ಪಿಯಾನೋ ಎತ್ತಿಕೊಳ್ಳುತ್ತದೆ, ಪಿಯಾನೋ ಕೇಳಿದ್ದಕ್ಕೆ ಫ್ಲೂಟು ಉತ್ತರ ಕೊಡಬೇಕು. ಮೂರನೆಯ ಭಾಗದಲ್ಲಿ ನನ್ನ ಉಸಿರು ಸಾಲುವುದಿಲ್ಲ. ಎಲ್ಲಿ ಉಸಿರು ಕದಿಯಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದು ನಾನಲ್ಲ, ಟೀಚರ್. ಕೇಳುವವರಿಗೇ ಅದು ಚೆನ್ನಾಗಿ ಗೊತ್ತಾಗುತ್ತದೆ.

ಹೊಸದಾಗಿ ಶುರು ಮಾಡುವ ಜೋಡಿ ಕೇಳಿದರೆ ನಾನು ಮೊದಲು ಕೊಡುವುದು ಗೋಬೇರ್‌ನ 'ಮ್ಯಾಡ್ರಿಗಲ್', 1908ರದ್ದು. ಚಿಕ್ಕದು, ಇಬ್ಬರಿಗೂ ಮರ್ಯಾದೆ ಇದೆ. ಅದಾದ ಮೇಲೆ ಲಿಲಿ ಬುಲಾಂಜೆಯ 'ನೊಕ್ಟರ್ನ್', ಹದಿನೆಂಟನೆಯ ವಯಸ್ಸಿನಲ್ಲಿ 1911ರಲ್ಲಿ ಬರೆದದ್ದು, ಪಿಟೀಲಿಗೂ ಆಗುತ್ತದೆ. ಇಪ್ಪತ್ತನಾಲ್ಕಕ್ಕೆ ತೀರಿಕೊಂಡ ಹುಡುಗಿ. ಕುಲಾವ್ ಬೇಕಾದಷ್ಟು ಬರೆದಿದ್ದಾನೆ. ಸ್ವತಃ ಫ್ಲೂಟ್ ವಾದಕನಲ್ಲ, ಪಿಯಾನೋದವ. ಹಾಗಾಗಿ ಪಿಯಾನೋಕ್ಕೆ ಕೆಲಸ ಕೊಟ್ಟಿದ್ದಾನೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ.

ಇನ್ನು ರೂಸೆಲ್. ಇವನ ಬಗ್ಗೆ ಬರೆಯಲೆಂದೇ ಕೂತವನು ನಾನು.

ಆಲ್ಬೇರ್ ರೂಸೆಲ್ ಮೊದಲು ಫ್ರೆಂಚ್ ನೌಕಾಪಡೆಯ ಅಧಿಕಾರಿ. ಅದನ್ನು ಬಿಟ್ಟು ಸಂಗೀತಕ್ಕೆ ಬಂದವನು. 1909ರಲ್ಲಿ ಹೆಂಡತಿಯ ಜೊತೆ ಭಾರತಕ್ಕೆ ಬಂದು ಎಲ್ಲೋರ, ಜೈಪುರ, ಕಾಶಿ ನೋಡಿ ಹೋಗಿ ಆ ಮೂರರ ಮೇಲೆ ಆರ್ಕೆಸ್ಟ್ರಾ ಕೃತಿ ಬರೆದ. ಚಿತ್ತೋಡದ ಪದ್ಮಿನಿಯ ಕಥೆಯನ್ನು ಒಪೆರಾ ಮಾಡಿದ. 1924ರ 'ಕೊಳಲು ನುಡಿಸುವವರು' ಎಂಬ ಗುಚ್ಛದಲ್ಲಿ ನಾಲ್ಕು ತುಣುಕು, ನಾಲ್ಕು ಕೊಳಲಿನವರ ಹೆಸರಲ್ಲಿ: ಗ್ರೀಕರ ಪಾನ್, ವರ್ಜಿಲ್‌ನ ಕುರುಬ ತಿತಿರ್, ಮೂರನೆಯವನು ನಮ್ಮ ಕೃಷ್ಣ, ಕೊನೆಗೆ ಫ್ರೆಂಚ್ ಕಾದಂಬರಿಯ ಒಬ್ಬ ಪಾತ್ರ. ಒಂದೊಂದನ್ನೂ ಆ ಕಾಲದ ಒಬ್ಬೊಬ್ಬ ವಾದಕನಿಗೆ ಅರ್ಪಿಸಿದ್ದಾನೆ. 'ಕೃಷ್ಣ' ಯಾರಿಗೆ ಗೊತ್ತೇ? ಅದೇ ಲೂಯಿ ಫ್ಲರಿಗೆ. ಅರ್ಪಣೆಯ ಎಳೆ ನನ್ನನ್ನು ಪ್ಯಾರಿಸ್ಸಿನಲ್ಲಿ ಸುತ್ತಾಡಿಸಿ ಗೋಕುಲಕ್ಕೆ ತಂದು ಬಿಟ್ಟಿತು.

'ಕೃಷ್ಣ'ದ ಸ್ವರಗಳು ಶ್ರೀ ರಾಗದವು ಎಂದು ಓದಿ ಖುಷಿಯಾಗಿ ಎಂದರೋ ಮಹಾನುಭಾವುಲು ನೆನೆಸಿಕೊಂಡು ಕೂತೆ. ಹಾಳೆಯಲ್ಲಿ ಬೇರೆಯೇ ಏನೋ ಇತ್ತು. ಕರ್ನಾಟಕ ಸಂಗೀತದ ಶ್ರೀ ಬೇರೆ, ಹಿಂದೂಸ್ತಾನಿಯ ಶ್ರೀ ಬೇರೆ ಎಂಬುದು ಆ ಕ್ಷಣ ಮರೆತೇಹೋಗಿತ್ತು. ಇಲ್ಲಿರುವುದು ಸೂರ್ಯ ಮುಳುಗುವ ಹೊತ್ತಿನ ಹಿಂದೂಸ್ತಾನಿ ಶ್ರೀ. ಕೋಮಲ ರಿಷಭ, ತೀವ್ರ ಮಧ್ಯಮ, ಕೋಮಲ ಧೈವತ. ನಮ್ಮ ಪಂತುವರಾಳಿಯ ಸ್ವರಸ್ಥಾನಗಳು. ಗೊತ್ತಾದ ಮೇಲೆ ಬೆರಳು ತಾನಾಗಿ ನಡೆಯಿತು. ತೊಂದರೆ ಶುರುವಾದದ್ದು ಅಲ್ಲೇ. ಶ್ರೀಯ ರಿಷಭವನ್ನು ಹಾಡುವವರು ಇನ್ನೂ ಸ್ವಲ್ಪ ಕೆಳಗೆ ಇಳಿಸಿ, ತೂಗಿ ಹಾಡುತ್ತಾರೆ. ಕಿವಿ ಹೇಳಿತೆಂದು ನಾನೂ ತುಟಿಯಲ್ಲೇ ಇಳಿಸಿದೆ. ಪಿಯಾನೋ ತನ್ನ ರಿಷಭವನ್ನು ಇದ್ದಲ್ಲೇ ಇಟ್ಟುಕೊಂಡಿತ್ತು. ಎರಡು ರಿಷಭಗಳು ಜಗಳವಾಡುವುದು ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

"ನನ್ನ ಕೀ ಬಗ್ಗುವುದಿಲ್ಲ, ನೀವು ಬಗ್ಗಬೇಕು," ಎಂದರು ಟೀಚರ್. ಬಗ್ಗಿದೆ. ಗಮಕ ಬಿಟ್ಟೆ. ಒಂದು ತಿಂಗಳು ಅದು ಬೋಳು ಬೋಳಾಗಿ ಕೇಳಿಸಿತು. ಆಮೇಲೆ ಪಿಯಾನೋದ ಕಾರ್ಡುಗಳ ಮೇಲೆ ಆ ನೇರ ರಿಷಭವೇ ವಿಚಿತ್ರವಾಗಿ ಹೊಳೆಯಲು ಶುರುವಾಯಿತು. ರೂಸೆಲ್ ಬರೆದದ್ದು ಶ್ರೀ ರಾಗವನ್ನಲ್ಲ, ಶ್ರೀ ರಾಗ ಕೇಳಿ ಹೋದ ಫ್ರೆಂಚನ ನೆನಪನ್ನು ಎಂದು ಈಗ ಅನಿಸುತ್ತದೆ.

ತಾಳದಲ್ಲಿ ಮಾತ್ರ ಸೋತವರು ಟೀಚರ್. 'ಕೃಷ್ಣ'ದ್ದು ಏಳರ ಎಣಿಕೆ, ಪಾಶ್ಚಾತ್ಯ ಲಿಪಿಯಲ್ಲಿ 7/8. "ಚರ್ಚಿನ ಕ್ವಾಯರಿನಲ್ಲಿ ಏಳು ಯಾರು ಹಾಡ್ತಾರೆ?" ಎಂದು ಗೊಣಗುತ್ತ ಒನ್, ಟೂ ಎನ್ನುತ್ತಿದ್ದವರು ಆರಕ್ಕೆ ಮುಗಿಸುತ್ತಿದ್ದರು, ಇಲ್ಲವೇ ಎಂಟಕ್ಕೆ. ನನ್ನದು ಯಕ್ಷಗಾನದ ತ್ರಿವುಡೆ, ಅಂದರೆ ಏಳೆಣಿಕೆಯ ತಾಳ, ಕೇಳಿ ಬೆಳೆದ ಕಿವಿ. ಅವರ ಪಕ್ಕ ನಿಂತು ತೊಡೆ ತಟ್ಟುತ್ತ 'ತಕಿಟ ತಕದಿಮಿ' ಹೇಳಿದೆ. ಮೂರನೆಯ ವಾರ ಅವರೇ ಪಿಸುಗುಡುತ್ತ ನುಡಿಸುವುದು ಕೇಳಿಸಿತು, ಸುಮ್ಮನಿದ್ದೆ.

ಕೈಗೆ ಬಂದ ಹಾಳೆಗಳ ಕಷ್ಟ ಒಂದಿಷ್ಟು ಹೇಳದಿದ್ದರೆ ಆಗದು. ಹಳೆಯ ಫ್ರೆಂಚ್ ಮುದ್ರಣಗಳು ಎ4ಗಿಂತ ದೊಡ್ಡವು. ಎ4ಗೆ ಇಳಿಸಿದರೆ ಪಿಯಾನೋದ ಸ್ವರಗಳು ಸಾಸಿವೆಯಂತೆ. ಡೊಂಬಿವಲಿ ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಎ3ಯಲ್ಲಿ ತೆಗೆಸಿ ಟೀಚರಿಗೆ ಕೊಡುತ್ತೇನೆ, ನನ್ನ ಪಾಲು ಎ4 ಸಾಕು. ಹಾಳೆಗಳನ್ನು ಒಂದರ ಪಕ್ಕ ಒಂದು ಟೇಪ್ ಹಚ್ಚಿ ಜಾತಕದಂತೆ ಮಡಚಿದರೆ ತಿರುಗಿಸುವ ತಾಪತ್ರಯ ಇಲ್ಲ. ಆದರೆ ಫ್ಯಾನ್ ಹಾಕಿದಿರೋ, ಹಾರಿ ಹೋದವು. ಬಟ್ಟೆ ಒಣಹಾಕುವ ಕ್ಲಿಪ್ಪು ಬೇಕು.

ಒಮ್ಮೆ ದುಡ್ಡು ಕೊಟ್ಟು ವಿದೇಶದಿಂದ ಹಳೆಯ ಪ್ರತಿಯೊಂದನ್ನು ತರಿಸಿದೆ. ಅಂಚೆಯ ಖರ್ಚು ಪುಸ್ತಕದ ಬೆಲೆಯನ್ನೇ ಮೀರಿತು. ತೆರೆದರೆ ಪಿಯಾನೋ ಪುಸ್ತಕ ಮಾತ್ರ, ಒಳಗಿರಬೇಕಾದ ಫ್ಲೂಟಿನ ಬಿಡಿ ಹಾಳೆ ಇಲ್ಲ. ಮಾರಿದವನು ಪತ್ರಕ್ಕೆ ಉತ್ತರಿಸಲಿಲ್ಲ. ಪುಣ್ಯಕ್ಕೆ ಪಿಯಾನೋ ಪುಸ್ತಕದಲ್ಲಿ ಮೇಲಿನ ಸಾಲಿನಲ್ಲಿ ಫ್ಲೂಟಿನ ಸ್ವರ ಸಣ್ಣದಾಗಿ ಅಚ್ಚಾಗಿರುತ್ತದೆ. ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಒಂದೊಂದೇ ಕೂರಿಸಿ ನನ್ನ ಹಾಳೆ ನಾನೇ ಮಾಡಿಕೊಂಡೆ. ಹನ್ನೊಂದು ರಾತ್ರಿ ಹಿಡಿಯಿತು. ಒಂದು ಲಾಭವಾಯಿತು: ಪುಟ ತಿರುಗಿಸುವ ಜಾಗವನ್ನು ವಿರಾಮ ಇರುವಲ್ಲಿಗೇ ತಂದುಕೊಂಡೆ. ಜೊತೆಗೆ ನಾನು ಸುಮ್ಮನಿರುವ ಕಡೆ ಪಿಯಾನೋದ ಸಾಲನ್ನೂ ಸಣ್ಣದಾಗಿ ಸೇರಿಸಿದೆ. ಅಲ್ಲಿಯವರೆಗೆ ವಿರಾಮದಲ್ಲಿ ಬರೀ ಎಣಿಸುತ್ತಿದ್ದೆ, ಈಗ ಕೇಳುತ್ತೇನೆ.

ಟೀಚರ ಪಿಯಾನೋ ಹಳೆಯ ಅಪ್‌ರೈಟ್. ಮಳೆಗಾಲದ ತೇವಕ್ಕೆ ಒಳಗೊಂದು ಸಣ್ಣ ಬಲ್ಬು ಉರಿಸಿಟ್ಟಿದ್ದಾರೆ. ಆದರೂ ಜುಲೈಯಲ್ಲಿ ಮರ ಉಬ್ಬಿ ಶ್ರುತಿ ಏರುತ್ತದೆ, ಒಣ ತಿಂಗಳುಗಳಲ್ಲಿ ಇಳಿಯುತ್ತದೆ. ಕಛೇರಿಯಲ್ಲಾದರೆ ಎಲ್ಲರೂ ಮುಖ್ಯ ಕಲಾವಿದರ ಶ್ರುತಿಗೆ ಬರುತ್ತಾರೆ. ಇಲ್ಲಿ ನಾನು ಫ್ಲೂಟಿನ ತಲೆಯ ಭಾಗ ಎಳೆದೋ ಒಳಗೆ ತಳ್ಳಿಯೋ ಅವರಲ್ಲಿಗೆ ಹೋಗಬೇಕು. ತುಂಬ ಎಳೆದರೆ ಸ್ವರಗಳ ನಡುವಿನ ಅಂತರವೇ ಕೆಡುತ್ತದೆ. ಅದೇ ತೇವಕ್ಕೆ ಫ್ಲೂಟಿನ ಪ್ಯಾಡುಗಳು ಅಂಟಿಕೊಂಡು ಕೀ ತೆಗೆದಾಗ ಚಪ್ ಎನ್ನುತ್ತವೆ. ಬೀಡಿ ಸಿಗರೇಟು ಮುಟ್ಟದ ನಾನು ಪಾನ್ ಅಂಗಡಿಯಲ್ಲಿ ಸಿಗರೇಟು ಸುತ್ತುವ ಕಾಗದ ಕೇಳುತ್ತೇನೆ. ಪ್ಯಾಡಿನ ಕೆಳಗೆ ಇಟ್ಟು ಮೆಲ್ಲಗೆ ಒತ್ತಿದರೆ ತೇವ ಹೀರುತ್ತದೆ. ಪಾನ್‌ವಾಲಾ ನನ್ನನ್ನು ನೋಡುವ ರೀತಿಯೇ ಬದಲಾಗಿದೆ.

ಕಳೆದ ತಿಂಗಳು ಟೀಚರ್ ತಾವಾಗಿ ಒಂದು ಫೋಟೋ ಕಳಿಸಿದರು, ಬೀಥೋವನ್ ಓಪಸ್ 105. ಕೆಳಗೆ "ಈಗ ನನ್ನ ಸರದಿ" ಎಂದಿತ್ತು. ಪಿಯಾನೋ ಹಾಳೆ ಎ3ಯಲ್ಲಿ ತೆಗೆಸಿ ಆಗಿದೆ. ನನ್ನದು ಒಂದೆರಡು ಪುಟ, ಅದರಲ್ಲೂ ಅರ್ಧ ವಿರಾಮ.