ಅಕ್ಕಡಿ ಸಾಲಿಗೆ ಇಳಿದ ಗ್ಲೈಡರ್

ಅರಸೀಕೆರೆ ತಾಲ್ಲೂಕಿನಲ್ಲಿ ನಾವು ಹಾರುವ ಗುಡ್ಡ ಮೂಡಣಕ್ಕೆ ಮುಖ ಮಾಡಿದೆ. ಹ್ಯಾಂಗ್ ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ದೊಡ್ಡ ರೆಕ್ಕೆ, ಅದರಡಿ ತೂಗಿಕೊಂಡು ಹಾರುವುದು. ಅದನ್ನು ಹೊತ್ತು ಇಳಿಜಾರಿನಲ್ಲಿ ಓಡುವವನಿಗೆ ಗಾಳಿ ಎದುರಿನಿಂದಲೇ ಬರಬೇಕು. ಹಾಗಾಗಿ ಸುಗ್ಗಿಯ ನಂತರ ಮೂಡಣ ಗಾಳಿ ಬೀಸುವ ದಿನಗಳಷ್ಟೇ ನಮ್ಮವು. ಮುಂಗಾರಿನ ಪಡುವಣ ಗಾಳಿ ಗುಡ್ಡದ ಬೆನ್ನೇರಿ ಬಂದು ಈಚೆ ಬದಿಗೆ ಸುಳಿಸುಳಿಯಾಗಿ ಉರುಳುತ್ತದೆ, ಆಗ ನಾವು ರೆಕ್ಕೆ ಬಿಚ್ಚುವುದೇ ಇಲ್ಲ. ಗ್ಲೈಡರ್ ಹಾರಾಟದ ಮೊದಲಿಗರಲ್ಲೊಬ್ಬನಾದ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ 1894ರಲ್ಲಿ ಬರ್ಲಿನ್ ಹತ್ತಿರ ಸುಮಾರು 15 ಮೀಟರ್ ಎತ್ತರದ ಗುಡ್ಡವನ್ನೇ ಕಟ್ಟಿಸಿಕೊಂಡ, ಯಾವ ದಿಕ್ಕಿನ ಗಾಳಿಗೂ ಹಾರಲೆಂದು. ನಮಗೆ ಗುಡ್ಡ ಇತ್ತು, ಇಳಿಯಲು ಜಾಗ ಇರಲಿಲ್ಲ.

ಗುಡ್ಡದ ಬುಡದಲ್ಲಿ ಒಬ್ಬ ಅಜ್ಜಿಯ ರಾಗಿ ಹೊಲವಿದೆ. ಕಟಾವಾದ ಮೇಲೆ ಇಳಿದುಕೊಳ್ಳಿ ಎಂದು ಅಜ್ಜಿಯ ಮಗ ಒಪ್ಪಿದ್ದರು. ಎರಡನೇ ವರ್ಷ ಹೊರಗಿನಿಂದ ಬಂದ ಗೆಳೆಯನೊಬ್ಬನಿಗೆ ಮೇಲಿನಿಂದಲೇ ಕೈ ತೋರಿಸಿ, ‘ರಾಗಿ ಕುಯ್ದಾಗಿದೆ, ಹೊಲ ಖಾಲಿ’ ಎಂದುಬಿಟ್ಟೆ. ನಮ್ಮ ಕಡೆ ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತಾರೆ. ರಾಗಿ ಹೋದ ಮೇಲೂ ತೊಗರಿ ನಿಂತಿರುತ್ತದೆ. ಹತ್ತು ಮೀಟರ್ ಅಗಲದ ರೆಕ್ಕೆ ಕಾಯಿ ಕಟ್ಟಿದ ಎರಡು ಸಾಲನ್ನು ನೆಲಕ್ಕೆ ಹಾಸಿತು. ಗೆಳೆಯನಿಗೆ ಒಂದು ಗೀರೂ ಆಗಲಿಲ್ಲ. ಓಡಿ ಬಂದ ಅಜ್ಜಿ ಮೊದಲು ಅವನ ಮೈ ಮುಟ್ಟಿ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು: ‘ಹಕ್ಕಿ ಬಂದ್ರೆ ಹಿಡಿ ಕಾಳು ತಿಂದು ಹೋಯ್ತದೆ ಕಣಪ್ಪ, ನೀವು ಗಿಡಾನೇ ಮುರುದ್ರಲ್ಲ.’

ಕೊಟ್ಟ ದುಡ್ಡನ್ನು ಮಗ ಎರಡು ಸಲ ವಾಪಸು ಮಾಡಿ ಮೂರನೇ ಸಲ ತೆಗೆದುಕೊಂಡರು. ಆದರೆ ಆ ಸೀಸನ್ ಪೂರ್ತಿ ನಾವು ಹಾರಲಿಲ್ಲ. ಹಾರಬಾರದು ಎಂದು ಅವರು ಹೇಳಲಿಲ್ಲ, ನಮಗೇ ಮುಖ ಇರಲಿಲ್ಲ. ಉಳಿದ ತೊಗರಿ ಕುಯ್ಯುವಾಗ ನಾಲ್ಕು ಜನ ಹೋಗಿ ಕೈಜೋಡಿಸಿದೆವು. ಬದುವಿನ ಮೇಲೆ ಕೂತು ಮುದ್ದೆ, ಅವರೆಕಾಳು ಸಾರು ಉಂಡ ಆ ಮಧ್ಯಾಹ್ನವೇ ನಮ್ಮ ಗುಂಪಿನ ನಿಯಮಗಳು ಹುಟ್ಟಿದ್ದು. ಹಾರುವ ಮುಂಚೆ ಪ್ರತಿಯೊಬ್ಬನೂ ಹೊಲದಲ್ಲಿ ನಡೆದು ಬರಬೇಕು, ಮೇಲಿನಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಪಂಪ್‌ಸೆಟ್ಟಿಗೆ ಹೋಗುವ ಕರೆಂಟ್ ತಂತಿ ಗಾಳಿಯಲ್ಲಿದ್ದವನಿಗೆ ಕಾಣುವುದಿಲ್ಲ, ಕಂಬ ಕಾಣುತ್ತದೆ. ಅದಕ್ಕೇ ಕಂಬಗಳನ್ನು ಎಣಿಸಿಕೊಂಡೇ ಗುಡ್ಡ ಹತ್ತಬೇಕು. ಇಳಿಯುವ ಪಟ್ಟಿಯ ಮೂಲೆಗಳಿಗೆ ಸುಣ್ಣ ಬಳಿದ ಕಲ್ಲು ಇಟ್ಟೆವು. ಗಾಳಿಯ ದಿಕ್ಕು ತೋರಿಸಲು ಕೋಲಿಗೆ ಕಟ್ಟಿರುವುದು ಅಜ್ಜಿಯದೇ ಹಳೇ ಕೆಂಪು ಸೀರೆಯ ತುಂಡು.

ಗುಡ್ಡದ ಮೇಲಿನ ಕೆಲಸ ಮಳೆ ನಿಂತ ಮೇಲೆ ಶುರು. ಓಡುವ ಇಳಿಜಾರಿನಲ್ಲಿ ಮಳೆ ನೀರು ಕೊರಕಲು ಬಿಡಿಸಿರುತ್ತದೆ. ಅದಕ್ಕೆ ಬರೀ ಮಣ್ಣು ತುಂಬಿದರೆ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಅಡ್ಡಲಾಗಿ ಕಲ್ಲು ಜೋಡಿಸಿದರೆ ಮಣ್ಣು ತಾನಾಗಿ ಕೂರುತ್ತದೆ. ಲಂಟಾನವನ್ನು ಮಚ್ಚಿನಲ್ಲಿ ಸವರಿದರೆ ಮತ್ತೆ ಚಿಗುರುತ್ತದೆ, ಬೇರು ಸಮೇತ ಕೀಳಬೇಕು. ಹುಲ್ಲನ್ನು ಮಾತ್ರ ನಾವು ಕೀಳುವುದಿಲ್ಲ, ಕುಡುಗೋಲಿನಲ್ಲಿ ಕುಯ್ದು ಊರಿನ ದನಗಳಿಗೆ ಬಿಡುತ್ತೇವೆ. ಕಾಲಿಗೆ ಹಿಡಿತ ಸಿಗುವುದೇ ಆ ಬೇರಿನಿಂದ. ಬೆಂಕಿ ಹಚ್ಚಿ ಬೋಳಿಸೋಣ ಎಂದವರೂ ಇದ್ದರು. ಆ ಮಾತಿಗೆ ನಾನು ಇವತ್ತಿಗೂ ಒಪ್ಪುವವನಲ್ಲ.

ಊರಿನ ಹುಡುಗರು ಈಗ ಗ್ಲೈಡರ್ ಹೊರಲು ಬರುತ್ತಾರೆ, ಮೂವತ್ತು ಕೆ.ಜಿ. ಮೇಲೇ ತೂಗುವ ಉದ್ದನೆಯ ಗಂಟು ಅದು. ಇಬ್ಬರಿಗಂತೂ ಗ್ಲೈಡರಿನ ಮುಂದಿನ ತಂತಿ ಹಿಡಿದು ನಿಲ್ಲುವುದು ಚೆನ್ನಾಗಿ ಬರುತ್ತದೆ. ಹಾರುವವನು ಹಾರ್ನೆಸ್‌ನಲ್ಲಿ, ಅಂದರೆ ರೆಕ್ಕೆಗೆ ತನ್ನನ್ನು ತೂಗುಹಾಕುವ ಪಟ್ಟಿಯಲ್ಲಿ, ಮಲಗಿ, ಕೊಂಡಿ ಸಿಕ್ಕಿದೆ ಎಂದು ತೋರಿಸುವ ತನಕ ಅವರು ತಂತಿ ಬಿಡುವುದಿಲ್ಲ.

ಈ ವರ್ಷ ಅಜ್ಜಿಯ ಮಗ ಹೊಲಕ್ಕೆ ತೆಂಗು ಹಾಕಬೇಕೆಂದಿದ್ದಾರೆ. ಎದೆ ಧಸಕ್ಕೆಂದಿತು, ಆದರೆ ಹಾಕಬೇಡಿ ಎನ್ನಲು ನಾವು ಯಾರು? ತೆಂಗಿನ ಸಾಲಿನ ಮರೆಯಲ್ಲಿ ಗಾಳಿ ಹೇಗೆ ಕದಡುತ್ತದೆ ಎಂದು ಕೋಲಿನಿಂದ ನೆಲದ ಮೇಲೆ ಗೀಚಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿ, ‘ಬಡಗ, ತೆಂಕಲ ಬದಿಗೆ ಹಾಕ್ತೀನಿ, ಮೂಡ್ಲು ಪಡುವ್ಲು ಬಯಲು ಬಿಡ್ತೀನಿ, ಸಾಕಾ?’ ಅಂದರು. ಇಬ್ಬರೂ ಹೆಜ್ಜೆ ಹಾಕಿ ಅಳೆದು ಗೂಟ ನೆಟ್ಟಿದ್ದೇವೆ. ಗುಂಡಿ ತೋಡುವ ದಿನ ನಾವೂ ಹಾರೆ ಹಿಡಿದು ಹೋಗುತ್ತೇವೆ.