ದ್ರವ ಸಾರಜನಕದಿಂದ ಒಂದು ಎಚ್‌ಪಿ: ಕಷ್ಟವೆಲ್ಲ ಕಾಯಿಲ್‌ನಲ್ಲಿ

ದ್ರವ ಸಾರಜನಕದಲ್ಲಿ ಓಡುವ ವಾಹನ ಎಂದಕೂಡಲೇ ಎಲ್ಲರೂ ಕೇಳುವುದು ಎಂಜಿನ್ ಬಗ್ಗೆ. ಎಂಜಿನ್ ಅಂಗಡಿಯಲ್ಲೇ ಸಿಗುತ್ತದೆ. ಕಾರ್ಖಾನೆಗಳಲ್ಲಿ ಬಳಸುವ, ಒತ್ತಡದ ಅನಿಲ ಅಲಗುಗಳನ್ನು (ವೇನ್) ತಳ್ಳಿ ತಿರುಗಿಸುವ ಏರ್ ಮೋಟರ್ ಸಾಕು, ನಮ್ಮ ಪ್ರಯೋಗದ ರಿಗ್‌ಗೆ ಕೂರಿಸಿದ್ದೂ ಒಂದು ಎಚ್‌ಪಿಯ ಅಂಥದ್ದೇ ಮೋಟರ್. ಕೆಲಸ ಕೊಟ್ಟದ್ದು ಅದಕ್ಕೂ ಮುಂಚೆ ಬರುವ, ದ್ರವವನ್ನು ಕುದಿಸಿ ಅನಿಲ ಮಾಡುವ ತಾಮ್ರದ ಕಾಯಿಲ್.

ಲೆಕ್ಕ ಹೀಗಿದೆ. 6 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡ) ಒಂದು ಎಚ್‌ಪಿ ಕೊಡುವ ಮೋಟರ್ ನಿಮಿಷಕ್ಕೆ ಸುಮಾರು 1 ಘನಮೀಟರ್ ಅನಿಲ ನುಂಗುತ್ತದೆ (ವಾತಾವರಣದ ಒತ್ತಡದಲ್ಲಿ ಅಳೆದರೆ). ತೂಕದಲ್ಲಿ 1.2 ಕೆಜಿ, ದ್ರವವಾಗಿ ಒಂದೂವರೆ ಲೀಟರ್. −196 ಡಿಗ್ರಿಯ ದ್ರವವನ್ನು ಕುದಿಸಿ ಕೋಣೆಯ ಉಷ್ಣತೆಗೆ ತರಲು ಕೆಜಿಗೆ 430 ಕಿಲೊಜೌಲ್ ಶಾಖ ಬೇಕು. ಅದರಲ್ಲಿ 200 ಕುದಿಯುವುದಕ್ಕೆ, ಮಿಕ್ಕಿದ್ದು ತಣ್ಣನೆಯ ಅನಿಲ ಬೆಚ್ಚಗಾಗುವುದಕ್ಕೆ. ಅಂದರೆ ಮುಕ್ಕಾಲು ಕಿಲೊವಾಟ್ ಕೆಲಸ ಪಡೆಯಲು ಎಂಟೂವರೆ ಕಿಲೊವಾಟ್ ಶಾಖವನ್ನು ಬಿಡುವಿಲ್ಲದೆ ಒಳಗೆ ಕಳಿಸುತ್ತಿರಬೇಕು.

ದ್ರವಕ್ಕೆ ಬಾಡಿಗೆಯ ಡ್ಯುರಾ ಸಿಲಿಂಡರ್ (ತಣ್ಣನೆಯ ದ್ರವವನ್ನು ಒತ್ತಡದಲ್ಲಿ ಹಿಡಿದಿಡುವ ಪಾತ್ರೆ) ತಂದು 8 ಬಾರ್‌ಗೆ ಹೊಂದಿಸಿದೆವು. ಅದರ ಗ್ಯಾಸ್ ವಾಲ್ವ್ ಇಲ್ಲಿ ಪ್ರಯೋಜನವಿಲ್ಲ. ದ್ರವವನ್ನು ಆವಿ ಮಾಡುವ ಒಳಗಿನ ವೇಪರೈಸರ್ ಗಂಟೆಗೆ ಸುಮಾರು 10 ಘನಮೀಟರ್ ಕೊಡುವಂಥದ್ದು, ನಮಗೆ ಬೇಕಾದದ್ದು 60. ಲಿಕ್ವಿಡ್ ವಾಲ್ವಿನಿಂದಲೇ ತೆಗೆಯಬೇಕು. ಪಶು ಆಸ್ಪತ್ರೆಗಳಲ್ಲಿ ವೀರ್ಯದ ಕಡ್ಡಿ ಇಡುವ ಜಾರ್ ಅಗ್ಗಕ್ಕೆ ಸಿಗುತ್ತದೆಂದು ಅದಕ್ಕೆ ಮುಚ್ಚಳ ಬಿಗಿದು ಒತ್ತಡ ಏರಿಸಲು ಹೋಗಬೇಡಿ. ಅದು ಒತ್ತಡ ತಡೆಯುವ ಪಾತ್ರೆಯಲ್ಲ, ಸಿಡಿಯುತ್ತದೆ.

ಕಾಯಿಲ್‌ಗೆ ಅರ್ಧ ಇಂಚಿನ ತಾಮ್ರದ ಕೊಳವೆ, 12 ಮೀಟರಿನ ಎರಡು ಸುರುಳಿ, 100 ಲೀಟರ್ ನೀರಿನ ಡ್ರಮ್‌ನಲ್ಲಿ ಮುಳುಗಿಸಿದ್ದು. ಜೋಡಣೆಗೆ ಸಿಲ್ವರ್ ಬ್ರೇಜಿಂಗೇ (ಬೆಳ್ಳಿ ಬೆರೆತ ಗಟ್ಟಿ ಬೆಸುಗೆ) ಆಗಬೇಕು. ತವರದ ಬೆಸುಗೆ ಈ ಚಳಿಗೆ ಬಿರುಕು ಬಿಡುತ್ತದೆ. ಸುತ್ತುಗಳನ್ನು ಒತ್ತೊತ್ತಾಗಿ ಸುತ್ತಿದರೆ ಅವುಗಳ ನಡುವೆ ಮಂಜುಗಡ್ಡೆ ಸೇತುವೆ ಕಟ್ಟಿಕೊಂಡು ಇಡೀ ಕಾಯಿಲ್ ಒಂದೇ ಗಟ್ಟಿ ಉಂಡೆಯಾಗುತ್ತದೆ. ಆಮೇಲೆ ಡ್ರಮ್ಮಿನಲ್ಲಿ ನೀರು ಬೆಚ್ಚಗಿದ್ದರೂ ಶಾಖ ಒಳಗೆ ಹೋಗುವುದಿಲ್ಲ. ಸುತ್ತಿಗೂ ಸುತ್ತಿಗೂ ಕನಿಷ್ಠ 25 ಮಿಮೀ ಬಿಡಿ. ಮುಳುಗುವ ಪಂಪ್ ಒಂದನ್ನಿಟ್ಟು, ದ್ರವ ಒಳಬರುವ ಮೊದಲ ಸುತ್ತುಗಳ ಮೇಲೇ ನೀರು ರಭಸವಾಗಿ ಹಾಯುವಂತೆ ಮಾಡಿ. ಹತ್ತು ನಿಮಿಷ ಪೂರ್ಣ ಹೊರೆಯಲ್ಲಿ ಓಡಿಸಿದರೆ ಡ್ರಮ್ಮಿನ ನೀರು ಹೆಚ್ಚುಕಡಿಮೆ 12 ಡಿಗ್ರಿ ಇಳಿಯುತ್ತದೆ.

ಎರಡು ಸುರುಳಿಗಳನ್ನು ಸಮಾನಾಂತರವಾಗಿ ಜೋಡಿಸಿದಾಗ ಇನ್ನೊಂದು ತೊಂದರೆ. ಒಂದರೊಳಗೆ ದ್ರವವೆಲ್ಲ ನುಗ್ಗಿ ಇನ್ನೊಂದರಲ್ಲಿ ಬರೀ ಅನಿಲ ಹರಿಯುತ್ತದೆ. ಪ್ರತಿ ಸುರುಳಿಯ ಬಾಯಲ್ಲಿ 2 ಮಿಮೀ ರಂಧ್ರದ ಬಿಲ್ಲೆ ಕೂರಿಸಿದರೆ ಹಂಚಿಕೆ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೂ ದ್ರವದ ಗುಟುಕುಗಳು ಆಗಾಗ ದಾಟಿ ಬರುತ್ತವೆ. ಅದಕ್ಕೇ ಮೋಟರಿಗೆ ಮುಂಚೆ ಅನಿಲ ಕೂಡಿಡುವ 10 ಲೀಟರಿನ ಟ್ಯಾಂಕ್, ಅಂದರೆ ರಿಸೀವರ್ ಇರಬೇಕು, ಅದೂ ಎಸ್‌ಎಸ್ 304 ಸ್ಟೇನ್‌ಲೆಸ್ ಸ್ಟೀಲಿನದ್ದು. ಕಂಪ್ರೆಸರಿನ ಮಾಮೂಲಿ ಕಬ್ಬಿಣದ ಟ್ಯಾಂಕ್ ತಣ್ಣಗಾದರೆ ಗಾಜಿನಂತೆ ಒಡೆಯುತ್ತದೆ; ಜಿಐ ಪೈಪಿನದೂ ಅದೇ ಗತಿ. ರಿಸೀವರಿನ ಹೊರಬಾಯಲ್ಲಿ ಉಷ್ಣತೆ ಅಳೆಯುವ ಟಿ ಮಾದರಿಯ ಥರ್ಮೊಕಪಲ್ ಹಾಕಿ, ಅದು 5 ಡಿಗ್ರಿಗಿಂತ ಕೆಳಗೆ ತೋರಿಸಿದರೆ ಮೋಟರ್ ವಾಲ್ವ್ ಮುಚ್ಚಿಬಿಡಿ. ಇಲ್ಲದಿದ್ದರೆ ಎಣ್ಣೆ ಗಟ್ಟಿಯಾಗಿ ವೇನ್‌ಗಳು ತಮ್ಮ ಸೀಳುಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಸಾರಜನಕ ಪೂರ್ತಿ ಒಣ ಅನಿಲ, ಹಾಗಾಗಿ ಮೋಟರಿಗೆ ಎಣ್ಣೆ ಉಣಿಸುವ ಲೂಬ್ರಿಕೇಟರ್ ತಪ್ಪಿಸುವಂತಿಲ್ಲ. ಓಡುವಾಗ ಮೋಟರಿನೊಳಗೆ ಮಂಜು ಕಟ್ಟುವುದಿಲ್ಲ. ನಿಲ್ಲಿಸಿದ ಮೇಲೆ ಹೊರಗಿನ ತೇವದ ಗಾಳಿ ಎಕ್ಸಾಸ್ಟಿನಿಂದ ಒಳಸೇರಿ ಕಟ್ಟುತ್ತದೆ. ಮೋಟರ್ ಬೆಚ್ಚಗಾಗುವವರೆಗೆ ಸಣ್ಣಗೆ ಅನಿಲ ಹರಿಯಲು ಬಿಟ್ಟರೆ ಆ ತಲೆನೋವಿಲ್ಲ.

ಎರಡು ವಾಲ್ವ್‌ಗಳ ನಡುವೆ ಸಿಕ್ಕಿಬೀಳುವ ದ್ರವ ಪೈಪನ್ನು ಸೀಳುತ್ತದೆ. ಆದ್ದರಿಂದ ಅಂಥ ಪ್ರತಿ ತುಂಡಿಗೂ ಒಂದೊಂದು ಸೇಫ್ಟಿ ವಾಲ್ವ್ ಬೇಕು. ಹೊದಿಕೆಯಿಲ್ಲದ ಲಿಕ್ವಿಡ್ ಪೈಪಿನ ಹೊರಮೈಯಿಂದ ತೊಟ್ಟಿಕ್ಕುವುದು ನೀರಲ್ಲ, ಆಮ್ಲಜನಕ ಹೆಚ್ಚಿರುವ ದ್ರವ ಗಾಳಿ. ಆಮ್ಲಜನಕ −183ರಲ್ಲೇ ದ್ರವವಾಗುತ್ತದಲ್ಲ. ಅದರ ಕೆಳಗೆ ಎಣ್ಣೆ, ಹತ್ತಿಬಟ್ಟೆ ಇರಕೂಡದು. ಇನ್ನು ಗಾಳಿಯಾಟ: ಮೂರು ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ 10 ಲೀಟರ್ ಆವಿಯಾದರೆ ಆಮ್ಲಜನಕ ಶೇ 21ರಿಂದ ಶೇ 16ರ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಇಳಿದರೆ ಉಸಿರು ಕಟ್ಟುವ ಸೂಚನೆಯೂ ಇಲ್ಲದೆ ಮನುಷ್ಯ ಕುಸಿಯಬಹುದು. ಬಯಲಿನಲ್ಲಿ ಓಡಿಸಿ, ಆಕ್ಸಿಜನ್ ಮೀಟರ್ ಜೇಬಿನಲ್ಲಿರಲಿ.

ಇಷ್ಟೆಲ್ಲ ಆಗಿ ಸಿಕ್ಕಿದ್ದು ಕೆಜಿಗೆ 37 ಕಿಲೊಜೌಲ್, ಎಂದರೆ ಸುಮಾರು 10 ವಾಟ್‌-ಗಂಟೆ. ಹಳೆಯ ಸೀಸದ ಬ್ಯಾಟರಿ ಇದರ ಮೂರು ಪಟ್ಟು ಹಿಡಿದಿಡುತ್ತದೆ. 30 ಬಾರ್‌ನಿಂದ ಉಷ್ಣತೆ ಇಳಿಯಗೊಡದೆ ಹಿಗ್ಗಿಸಿದರೆ ಸೈದ್ಧಾಂತಿಕವಾಗಿ 84 ವಾಟ್‌-ಗಂಟೆಯವರೆಗೆ ಹೋಗಬಹುದು. ಬ್ರಿಟನ್ನಿನ ಸಂಶೋಧಕ ಪೀಟರ್ ಡಿಯರ್ಮನ್ ಎಂಜಿನ್ನಿನ ಸಿಲಿಂಡರಿನೊಳಕ್ಕೇ ನೀರು-ಗ್ಲೈಕಾಲ್ ಬಿಟ್ಟು ಶಾಖ ಕೊಡಲು ಹೊರಟದ್ದು ಇದಕ್ಕಾಗಿಯೇ. ಕಾರು ಓಡಿಸಲು ನಾನಂತೂ ಇದನ್ನು ಆರಿಸುವುದಿಲ್ಲ. ತರಕಾರಿ, ಹಾಲು ಸಾಗಿಸುವ ಶೀತಲ ಲಾರಿಯ ಮಾತು ಬೇರೆ: ಅಲ್ಲಿ ಕೆಜಿಗೆ ಬೇಕಾದ ಆ 430 ಕಿಲೊಜೌಲ್ ಸರಕಿನ ಪೆಟ್ಟಿಗೆಯಿಂದಲೇ ಬರಬಹುದು, ಕಂಪ್ರೆಸರ್ ಓಡಿಸುವ ಪ್ರತ್ಯೇಕ ಡೀಸೆಲ್ ಎಂಜಿನ್ ಬೇಕಾಗುವುದಿಲ್ಲ. ಡಿಯರ್ಮನ್ ಎಂಜಿನ್ 2016ರಲ್ಲಿ ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಸೇನ್ಸ್‌ಬರೀಸ್‌ನ ಲಾರಿಯಲ್ಲಿ ಪ್ರಯೋಗಕ್ಕಿಳಿದದ್ದೂ ಆ ಕೆಲಸಕ್ಕೇ.